ಮುಟ್ಟು ಕಡಿಮೆ ಹೋಗುತ್ತಿದೆಯೇ? ಕಷಾಯಕ್ಕೆ ಮೊದಲು ಮಾಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ಎಳ್ಳು ಕಷಾಯ ಕುಡಿದಾಯಿತು, ಪಪ್ಪಾಯಿ ತಿಂದಾಯಿತು, ಅಂಗಡಿಯಿಂದ ಅಶೋಕಾರಿಷ್ಟ ತಂದೂ ಆಯಿತು. ಆದರೂ ಮುಟ್ಟು ಒಂದೂವರೆ ದಿನಕ್ಕೇ ನಿಂತುಹೋಗುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದ ಹಿಡಿದು ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದ ತನಕ ಹೆಂಗಸರ ದೂರು ಹೆಚ್ಚುಕಡಿಮೆ ಇದೇ. ಬಹಳ ಸಲ ಇಲ್ಲಿ ತಪ್ಪುವುದು ಮದ್ದಲ್ಲ, ಕ್ರಮ. ಕೊನೆಯಲ್ಲಿ ಮಾಡಬೇಕಾದ ಕಷಾಯವನ್ನು ಮೊದಲ ದಿನವೇ ಒಲೆಗೆ ಏರಿಸುತ್ತಾರೆ. ಮೊದಲು ನೋಡಬೇಕಾದ ಗರ್ಭ, ಥೈರಾಯ್ಡ್, ಊಟ, ಜೀರ್ಣಶಕ್ತಿ ಇವುಗಳತ್ತ ಯಾರೂ ತಿರುಗುವುದಿಲ್ಲ.

ಹಾಗಾಗಿ ಇಲ್ಲಿ ಅನುಕ್ರಮವೇ ಮುಖ್ಯ. ಮೊದಲ ನಾಲ್ಕು ಹಂತ ಮುಗಿಯುವ ತನಕ ಯಾವ ಮದ್ದನ್ನೂ ಶುರು ಮಾಡಬೇಡಿ.

## ಬೇಕಾಗುವ ಸಾಮಾನು

ಗೋಡೆಯ ಕ್ಯಾಲೆಂಡರ್, ಒಂದು ಪೆನ್ನು, ಮೂತ್ರದಲ್ಲಿ ಗರ್ಭ ಪರೀಕ್ಷಿಸುವ ಕಿಟ್. ಅಡುಗೆಮನೆಯಿಂದ ಕರಿ ಎಳ್ಳು, ಸಬ್ಬಸಿಗೆ ಬೀಜ, ಹುರುಳಿ, ಜೀರಿಗೆ, ಒಣಶುಂಠಿ, ಬೆಲ್ಲ ಅಥವಾ ಜೋನಿಬೆಲ್ಲ, ತುಪ್ಪ, ಎಳ್ಳೆಣ್ಣೆ. ಕಷಾಯಕ್ಕೆ ಸ್ಟೀಲಿನ ಇಲ್ಲವೇ ಮಣ್ಣಿನ ಪಾತ್ರೆ ಇರಲಿ, ಅಲ್ಯೂಮಿನಿಯಂ ಬೇಡ. ಮಿಲಿ ಗುರುತಿರುವ ಒಂದು ಅಳತೆ ಲೋಟ ಇದ್ದರೆ ಅಂದಾಜಿನ ತಪ್ಪು ತಪ್ಪುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗಾಲಕ್ಕೆ ಒಂದು ಮಾತು: ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಪುಡಿಯನ್ನೂ ಹೆಚ್ಚಿಗೆ ತಂದಿಡಬೇಡಿ. ತೇವಕ್ಕೆ ಗಂಟುಕಟ್ಟಿದ, ಮುಗ್ಗುಲು ವಾಸನೆ ಹಿಡಿದ ಶತಾವರಿ ಪುಡಿ, ಕಮಟು ಬಂದ ಎಳ್ಳು ನೇರ ಹೊರಗೆ ಹೋಗಬೇಕು.

## ಹಂತ 1: ನಿಜವಾಗಿಯೂ ಕಡಿಮೆಯೇ, ಬರೆದು ನೋಡಿ

ಸತತ 3 ಮುಟ್ಟು ಬರೆದಿಡಿ. ಶುರುವಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಪ್ಯಾಡು, ಅದು ಪೂರ್ತಿ ನೆನೆದಿತ್ತೋ ಅರ್ಧವೋ ಬರೀ ಕಲೆಯೋ, ನೋವು ಇತ್ತೋ ಇಲ್ಲವೋ. ಇಷ್ಟು ಸಾಕು.

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 24 ರಿಂದ 38 ದಿನ ಅಂತರ ಸಹಜ. ಇಡೀ ಮುಟ್ಟಿನಲ್ಲಿ ಹೋಗುವ ರಕ್ತ 5 ರಿಂದ 80 ಮಿಲಿ ತನಕ ಇರಬಹುದು. ಸಾಮಾನ್ಯ ಪ್ಯಾಡು ಪೂರ್ತಿ ನೆನೆದರೆ ಸುಮಾರು 5 ಮಿಲಿ ಎಂದು ಅಂದಾಜು ಹಿಡಿಯಬಹುದು. ಮುಟ್ಟಿನ ಕಪ್ ಬಳಸುವವರಿಗೆ ಅದರ ಮೇಲಿನ ಗೆರೆಯೇ ಲೆಕ್ಕ ಹೇಳುತ್ತದೆ. ಆಗಾಗ ಪ್ಯಾಡು ಬದಲಿಸುವವರು ತಮಗೆ ಹೆಚ್ಚು ಹೋಗುತ್ತಿದೆ ಅಂದುಕೊಳ್ಳುತ್ತಾರೆ, ದಪ್ಪ ಪ್ಯಾಡು ಹಾಕುವವರು ಕಡಿಮೆ ಅಂದುಕೊಳ್ಳುತ್ತಾರೆ. ಅಕ್ಕನ ಮುಟ್ಟಿಗೂ ತಂಗಿಯ ಮುಟ್ಟಿಗೂ ಹೋಲಿಸುವುದಂತೂ ಬೇಡವೇ ಬೇಡ.

ಮೊದಲಿನಿಂದಲೂ 2-3 ದಿನವೇ ಹೋಗುತ್ತಿದ್ದು, ತಿಂಗಳು ಸರಿಯಾಗಿ ಬರುತ್ತಿದ್ದು, ಮೈಯಲ್ಲಿ ಚೈತನ್ಯ ಇದ್ದರೆ ಅದು ನಿಮ್ಮ ಸಹಜ ಮುಟ್ಟು. ಚಿಕಿತ್ಸೆ ಬೇಡ. "ಕೆಟ್ಟ ರಕ್ತ ಒಳಗೇ ಉಳಿಯುತ್ತದೆ" ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಗರ್ಭಕೋಶದ ಒಳಪದರ ತೆಳುವಾಗಿ ಬೆಳೆದಿದ್ದರೆ ಕಳಚಿ ಬೀಳುವುದೂ ಕಡಿಮೆ, ಅಷ್ಟೆ. ಹೊಸದಾಗಿ ಕಡಿಮೆಯಾಗಿದ್ದರೆ, ಅಂದರೆ ಮೊದಲು 4-5 ದಿನ ಹೋಗುತ್ತಿದ್ದದ್ದು ಈಗ 2 ದಿನದೊಳಗೆ ಬರೀ ಕಲೆಯಾಗಿ ನಿಲ್ಲುತ್ತಿದ್ದರೆ ಮಾತ್ರ ಮುಂದೆ ಓದಿ.

ಮೈನೆರೆದು 2-3 ವರ್ಷದೊಳಗಿನ ಹುಡುಗಿಯರಲ್ಲಿ ಮುಟ್ಟು ಹೆಚ್ಚುಕಡಿಮೆ ಆಗುವುದು ಸಾಮಾನ್ಯ. 40 ದಾಟಿದವರಲ್ಲಿ ಮುಟ್ಟು ನಿಲ್ಲುವ ಕಾಲ ಹತ್ತಿರವಾದಂತೆ ಏರುಪೇರು ಆಗುತ್ತದೆ. ಇಬ್ಬರಿಗೂ ಮನೆಯಲ್ಲಿ ಉಷ್ಣದ ಮದ್ದು ಕೊಡಬಾರದು.

## ಹಂತ 2: ಗರ್ಭ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ

ಮದುವೆಯಾದವರು "ಮುಟ್ಟು ಬಂದಿದೆಯಲ್ಲ, ಇನ್ನೇನು ಪರೀಕ್ಷೆ" ಎಂದು ಈ ಹಂತವನ್ನೇ ಹಾರಿಸುತ್ತಾರೆ. ಗರ್ಭ ನಿಂತ ಹೊಸದರಲ್ಲೂ ಸ್ವಲ್ಪ ರಕ್ತ ಕಾಣಿಸಿಕೊಳ್ಳಬಹುದು, ಅದನ್ನೇ ಕಡಿಮೆ ಮುಟ್ಟು ಎಂದು ತಿಳಿಯುವುದುಂಟು. ಆ ಹೊತ್ತಿನಲ್ಲಿ ಸ್ರಾವ ತರಿಸುವ ಮದ್ದು ಹೊಟ್ಟೆಗೆ ಹೋದರೆ ಅಪಾಯ.

ಕಿಟ್ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಬಳಿಯೂ ಕೇಳಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಗೆರೆ ಮಸುಕಾಗಿದ್ದರೂ ಗರ್ಭ ಎಂದೇ ಭಾವಿಸಿ ವೈದ್ಯರಲ್ಲಿಗೆ ಹೋಗಿ. ಗೆರೆ ಬಾರದೆ ಸಂಶಯ ಉಳಿದರೆ ಒಂದು ವಾರ ಬಿಟ್ಟು ಮತ್ತೆ ನೋಡಿ.

ಸ್ವಲ್ಪವೇ ರಕ್ತ ಹೋಗುತ್ತಿದ್ದು ಹೊಟ್ಟೆಯ ಒಂದೇ ಪಕ್ಕ ಜೋರು ನೋವು, ಭುಜದ ತುದಿ ನೋವು, ತಲೆ ತಿರುಗಿ ಕಣ್ಣು ಕತ್ತಲೆ ಬರುವುದು ಇದ್ದರೆ ಗರ್ಭ ನಳಿಕೆಯಲ್ಲಿ ನಿಂತಿರಬಹುದು. ಆಗ ಒಂದು ಗಂಟೆಯನ್ನೂ ಕಳೆಯಬಾರದು. 108ಕ್ಕೆ ಕರೆ ಮಾಡಿ.

## ಹಂತ 3: ನೀವು ನುಂಗುತ್ತಿರುವ ಮಾತ್ರೆಯೇ ಕಾರಣವೇ ನೋಡಿ

ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ಮುಟ್ಟು ಕಡಿಮೆಯಾಗುವುದು ನಿರೀಕ್ಷಿತ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು 3 ತಿಂಗಳಿಗೊಮ್ಮೆಯದು. ಅದರಿಂದ ಮುಟ್ಟು ಏರುಪೇರಾಗಬಹುದು, ಪೂರ್ತಿ ನಿಲ್ಲಲೂಬಹುದು. ಛಾಯಾ ಮಾತ್ರೆಯಿಂದಲೂ ಮುಟ್ಟು ತಡವಾಗುವುದು, ಕಡಿಮೆಯಾಗುವುದು ಉಂಟು. ಗರ್ಭಕೋಶದೊಳಗೆ ಹಾರ್ಮೋನು ಇರುವ ವಂಕಿ ಹಾಕಿಸಿಕೊಂಡವರಿಗೂ ಹಾಗೆಯೇ. ಇವರಿಗೆ ಎಳ್ಳು ಕಷಾಯದ ಅಗತ್ಯವಿಲ್ಲ. ಹೊಂದುತ್ತಿಲ್ಲ ಎನಿಸಿದರೆ ಕೊಟ್ಟವರನ್ನು ಕೇಳಿ ವಿಧಾನ ಬದಲಿಸಬೇಕು.

ವಾಂತಿಗೆ, ಹೊಟ್ಟೆಯುಬ್ಬರಕ್ಕೆ ಬಹಳ ದಿನ ನುಂಗುವ ಡೊಂಪೆರಿಡೋನ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ಎದೆಹಾಲು ತರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಹೆಚ್ಚಿಸಿ ಮುಟ್ಟನ್ನು ತಗ್ಗಿಸುತ್ತವೆ. ಮಾನಸಿಕ ಕಾಯಿಲೆಯ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.

## ಹಂತ 4: ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್, ಮದ್ದಿಗೆ ಮೊದಲೇ

ಆಯುರ್ವೇದವೇ ಬೇಕು ಎನ್ನುವವರಿಗೂ ಇದನ್ನೇ ಹೇಳುತ್ತೇನೆ. ಒಳ್ಳೆಯ ಆಯುರ್ವೇದ ವೈದ್ಯರು ತಾವಾಗಿಯೇ ಈ ಪರೀಕ್ಷೆಗಳನ್ನು ಬರೆದುಕೊಡುತ್ತಾರೆ: ಹಿಮೋಗ್ಲೋಬಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಬರಿಹೊಟ್ಟೆಯ ಸಕ್ಕರೆ, ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳ ಅಂಗಾಲಿನ ಚರ್ಮದ ಮೂಲಕವೇ ಒಳಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ಹುಳ ತೆಗೆಯದೆ ಕಬ್ಬಿಣಾಂಶದ ಲೋಹಾಸವವನ್ನು ಎಷ್ಟು ಕುಡಿದರೂ ರಕ್ತ ಏರುವುದಿಲ್ಲ.

ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಸ್ತ್ರೀರೋಗ ವಿಭಾಗವಿದೆ. ಘಟ್ಟದ ಮೇಲಿನವರಿಗೆ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ ಹತ್ತಿರ.

ಈ ಮುಂದಿನ ನಾಲ್ಕು ಸಂದರ್ಭಗಳಲ್ಲಿ ಮನೆಮದ್ದು ಕೆಲಸ ಮಾಡುವುದೇ ಇಲ್ಲ. ಇಲ್ಲಿ ಕಳೆದ ತಿಂಗಳುಗಳು ಪೂರ್ತಿ ನಷ್ಟ.

ಗರ್ಭಪಾತದ ನಂತರವೋ ಹೆರಿಗೆಯ ನಂತರವೋ ಗರ್ಭಕೋಶ ಕೆರೆದು ಸ್ವಚ್ಛ ಮಾಡಿಸಿದ ಮೇಲೆ ಮುಟ್ಟು ಕಡಿಮೆಯಾದರೆ ಒಳಗೋಡೆಗಳು ಅಂಟಿಕೊಂಡಿರಬಹುದು. ಅದನ್ನು ಗರ್ಭಕೋಶದೊಳಗೆ ಇಳಿಸುವ ದುರ್ಬೀನಿನಿಂದ ನೋಡಿ ಬಿಡಿಸಬೇಕು.

ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎದೆಹಾಲು ಬಾರದೆ, ಆಮೇಲೆ ಮುಟ್ಟೂ ಇಳಿದು, ಸದಾ ಸುಸ್ತು ಮತ್ತು ಚಳಿ ಎನಿಸುತ್ತಿದ್ದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿರಬಹುದು. ಇದಕ್ಕೆ ಹಾರ್ಮೋನು ಚಿಕಿತ್ಸೆಯೇ ಬೇಕು.

ಸಂಜೆ ಜ್ವರ, ತೂಕ ಇಳಿಯುವುದು, ಮಕ್ಕಳಾಗದಿರುವುದು ಇವುಗಳ ಜೊತೆ ಮುಟ್ಟು ಕಡಿಮೆ ಇದ್ದರೆ ಗರ್ಭಕೋಶದ ಕ್ಷಯರೋಗವನ್ನು ಹುಡುಕಬೇಕು. ಶ್ವಾಸಕೋಶಕ್ಕೆ ಬಾರದೆಯೂ ಅದು ಅಲ್ಲಿ ಬರಬಲ್ಲದು. ಕೆಮ್ಮೇ ಇಲ್ಲವಲ್ಲ ಎಂದು ತಳ್ಳಿಹಾಕಬೇಡಿ.

ಮಗುವಿಗೆ ಹಾಲು ಕೊಡದ ಹೆಂಗಸಿನ ಎದೆಯಿಂದ ಹಾಲು ಬರುವುದು, ಜೊತೆಗೆ ತಲೆನೋವು, ದೃಷ್ಟಿ ಮಂಜಾಗುವುದು ನಾಲ್ಕನೆಯದು.

## ಹಂತ 5: ಬರಿದಾಗಿದೆಯೋ, ತಡೆಯಾಗಿದೆಯೋ ತೀರ್ಮಾನಿಸಿ

ನನ್ನ ಪ್ರಕಾರ ಇಡೀ ಚಿಕಿತ್ಸೆ ನಿಂತಿರುವುದು ಈ ಹಂತದ ಮೇಲೆ. ತೋಟಕ್ಕೆ ನೀರು ಬರುತ್ತಿಲ್ಲ ಎಂದರೆ ಕೆರೆಯೇ ಬತ್ತಿದೆಯೋ, ಕಾಲುವೆಯಲ್ಲಿ ಕಸ ಕಟ್ಟಿದೆಯೋ ನೋಡದೆ ಯಾರೂ ಗುದ್ದಲಿ ಎತ್ತುವುದಿಲ್ಲ.

ಆಯುರ್ವೇದದಲ್ಲಿ ಉಂಡ ಅನ್ನದಿಂದ ಮೊದಲು ದೇಹವನ್ನು ಪೋಷಿಸುವ ರಸಧಾತು, ಆ ರಸದಿಂದ ಆರ್ತವ, ಅಂದರೆ ಮುಟ್ಟಿನ ರಕ್ತ, ಹುಟ್ಟುತ್ತದೆ. ರಸವೇ ಸಾಲದಿದ್ದರೆ ಆರ್ತವವೂ ಸಾಲದು. ರಸ ಸಾಕಷ್ಟಿದ್ದೂ ಕಫವೋ ವಾತವೋ ದಾರಿಗೆ ಅಡ್ಡ ಬಂದರೆ ಹರಿವು ಇಳಿಯುತ್ತದೆ. ಸಮಯಕ್ಕೆ ಬಾರದಿರುವುದು, ಕಡಿಮೆ ಬರುವುದು, ಜೊತೆಗೆ ನೋವು ಇವು ಆರ್ತವಕ್ಷಯದ ಲಕ್ಷಣ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಅದಕ್ಕೆ ಶೋಧನ, ಅಂದರೆ ದೇಹಶುದ್ಧಿ, ಮತ್ತು ಉಷ್ಣಗುಣದ ದ್ರವ್ಯಗಳನ್ನು ಕ್ರಮವರಿತು ಬಳಸಬೇಕೆನ್ನುತ್ತದೆ. ನಾವು ಉಷ್ಣ ದ್ರವ್ಯವನ್ನು ಮಾತ್ರ ನೆನಪಿಟ್ಟುಕೊಂಡು ಕ್ರಮವನ್ನು ಬಿಟ್ಟಿದ್ದೇವೆ.

ಬರಿದಾದವರು ಹೀಗಿರುತ್ತಾರೆ: ತೆಳ್ಳಗೆ, ಚರ್ಮ ಒಣ, ಕೂದಲು ಉದುರುವುದು, ನಿದ್ದೆ ಕಡಿಮೆ, ಮಲಬದ್ಧತೆ, ಸ್ವಲ್ಪ ನಡೆದರೂ ಎದೆ ಡವಗುಟ್ಟುವುದು. ಬೆಳಗಿನ ಬಸ್ಸಿಗೆ ಓಡುತ್ತ ತಿಂಡಿ ಬಿಡುವ ಕಾಲೇಜು ಹುಡುಗಿ, ಅಡಿಕೆ ಸುಗ್ಗಿಯಲ್ಲಿ ನಡುರಾತ್ರಿ ತನಕ ಸುಲಿಯುತ್ತ ಕೂರುವ ಗೃಹಿಣಿ, ನಸುಕಿಗೇ ಎದ್ದು ಮೀನು ಬುಟ್ಟಿ ಹೊತ್ತು ಸಂತೆಗೆ ಹೋಗಿ ಮಧ್ಯಾಹ್ನದ ತನಕ ಬರೀ ಚಹಾದಲ್ಲಿ ಕಳೆಯುವವರು ಇಲ್ಲಿ ಸೇರುತ್ತಾರೆ. ದೇಹಕ್ಕೆ ಸಿಗುವ ಆಹಾರ ತೀರಾ ಇಳಿದಾಗ ಮಿದುಳು ಅಂಡಾಶಯಕ್ಕೆ ಕಳಿಸುವ ಸೂಚನೆಯನ್ನೇ ತಗ್ಗಿಸುತ್ತದೆ ಎಂದು ಇಂದಿನ ವೈದ್ಯವೂ ಹೇಳುತ್ತದೆ.

ತಡೆಯಾದವರು: ಮೈ ಭಾರ, ಹೊಟ್ಟೆಯ ಸುತ್ತ ಬೊಜ್ಜು, ಉಂಡ ಕೂಡಲೇ ನಿದ್ದೆ, ನಾಲಿಗೆ ಮೇಲೆ ಬಿಳಿ ಲೇಪ, ಮುಟ್ಟು 40-50 ದಿನಕ್ಕೊಮ್ಮೆ, ಗದ್ದದ ಮೇಲೆ ಕೂದಲು, ಕತ್ತಿನ ಹಿಂದೆ ಕಪ್ಪು. ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ) ಎಂದು ಸ್ಕ್ಯಾನ್‌ನಲ್ಲಿ ಬಂದವರು, ಥೈರಾಯ್ಡ್ ಕಡಿಮೆ ಇರುವವರು ಹೆಚ್ಚಾಗಿ ಈ ಕಡೆಯವರು. ಥೈರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಬಿಡಬಾರದು. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ, ಕನಿಷ್ಠ ಒಂದು ಗಂಟೆ ಬಿಟ್ಟು ಕಷಾಯ ಕುಡಿಯಿರಿ.

ಸಾಮಾನ್ಯ ತಪ್ಪು ಎರಡೂ ಕಡೆ ಇದೆ. ಬರಿದಾದ ಹುಡುಗಿಗೆ ಶುಂಠಿ, ಮೆಣಸು, ಹಿಪ್ಪಲಿ ಕುದಿಸಿ ಕುಡಿಸುತ್ತಾರೆ, ಅವಳು ಇನ್ನಷ್ಟು ಒಣಗಿ ಬಾಯಿಹುಣ್ಣು, ಉರಿಮೂತ್ರ ಎಂದು ಒದ್ದಾಡುತ್ತಾಳೆ. ಪಿಸಿಓಡಿ ಇರುವವಳಿಗೆ ಪ್ರೀತಿಯಿಂದ ಎಳ್ಳುಂಡೆ, ತುಪ್ಪ, ಹಾಲು ಕೊಡುತ್ತಾರೆ, ತೂಕ ಏರುತ್ತದೆ, ಮುಟ್ಟು ಇನ್ನೂ ಹಿಂದೆ ಬೀಳುತ್ತದೆ. ಎರಡೂ ಲಕ್ಷಣ ಬೆರೆತಿದ್ದು ನಿರ್ಧರಿಸಲಾಗದಿದ್ದರೆ ಇಲ್ಲಿಗೇ ನಿಲ್ಲಿಸಿ, ನಾಡಿ, ಹೊಟ್ಟೆ ನೋಡಿ ಹೇಳಬಲ್ಲ ವೈದ್ಯರ ಬಳಿ ಹೋಗಿ.

## ಹಂತ 6: ಹಸಿವೆ ಸರಿಪಡಿಸಿ, ಎರಡು ವಾರ

ಹಸಿವೆ ಇಲ್ಲದ ಹೊಟ್ಟೆಗೆ ಹಾಕಿದ ಶತಾವರಿ ಅಜೀರ್ಣವಾಗುತ್ತದೆ. ಈ ಎರಡು ವಾರ ಊಟದ ಹೊತ್ತು ನಿಗದಿ ಮಾಡಿ. ಬೆಳಗ್ಗೆ ಜೀರಿಗೆ, ಕೊತ್ತಂಬರಿ ಹಾಕಿದ ನಮ್ಮ ಮಾಮೂಲಿ ಕಷಾಯ ಚಹಾದ ಜಾಗಕ್ಕೆ ಬರಲಿ. ಮಧ್ಯಾಹ್ನ ಊಟದ ಕೊನೆಗೆ ಶುಂಠಿ, ಇಂಗು ಹಾಕಿದ ತೆಳು ಮಜ್ಜಿಗೆ. ರಾತ್ರಿ ಊಟ 8ಕ್ಕೆ ಮುಗಿಯಬೇಕು. ನಾಲಿಗೆ ಸ್ವಚ್ಛವಾಗಿ, ಹೊತ್ತಿಗೆ ಸರಿಯಾಗಿ ಹಸಿವೆಯಾಗಿ, ಬೆಳಗ್ಗೆ ಹೊಟ್ಟೆ ಖಾಲಿಯಾದರೆ ಮುಂದೆ ಹೋಗಬಹುದು.

## ಹಂತ 7: ಊಟದ ಬದಲಾವಣೆ

ದೋಷಗಳು ದಾರಿ ಮುಚ್ಚಿ ಮುಟ್ಟು ಕಾಣದಾದಾಗ ಹಿತವೆಂದು ಸುಶ್ರುತ ಸಂಹಿತೆ ಎಣಿಸುವ ಆಹಾರಗಳಲ್ಲಿ ಮೀನು, ಹುರುಳಿ, ಹುಳಿ, ಎಳ್ಳು, ಉದ್ದು ಇವೆ. ಕರಾವಳಿಯ ಅಡುಗೆಮನೆಯಲ್ಲಿ ಇವೆಲ್ಲ ಕೈಗೆಟುಕುವಲ್ಲೇ ಇವೆ.

ತಡೆಯಾದವರಿಗೆ ಹುರುಳಿ ಮುಖ್ಯ. ವಾರಕ್ಕೆ ಮೂರು ನಾಲ್ಕು ದಿನ ಹುರುಳಿ ಕಟ್ಟಿನ ಸಾರು, ಮೊಳಕೆ ಹುರುಳಿಯ ಪಲ್ಯ. ಬಂಗಡೆ, ತಾರ್ಲೆಯನ್ನು ಸಾರು ಮಾಡಿ ತಿನ್ನಿ, ರವೆ ಹಚ್ಚಿ ಎಣ್ಣೆಯಲ್ಲಿ ಕರಿದರೆ ಬೊಜ್ಜಿಗೇ ದಾರಿ. ಉಪ್ಪುಮೀನನ್ನು ತಾಜಾ ಮೀನಿನ ಬದಲಿ ಎಂದು ತಿಳಿಯಬೇಡಿ, ರಕ್ತದೊತ್ತಡ ಇರುವವರಂತೂ ದೂರ ಇಡಿ. ಮೇಲಿನ ಪಟ್ಟಿಯಲ್ಲಿ ಉದ್ದು ಇದ್ದರೂ ಮೈ ಭಾರದ ಇವರು ಉದ್ದು, ಮೊಸರು ಕಡಿಮೆ ಮಾಡಿ, ಅನ್ನದ ಪ್ರಮಾಣ ಇಳಿಸಿ. ದಿನಾ ಅರ್ಧ ಗಂಟೆ ಬೆವರು ಬರುವಷ್ಟು ನಡಿಗೆ ಇಲ್ಲದೆ ಇವು ಫಲ ಕೊಡುವುದಿಲ್ಲ.

ಬರಿದಾದವರಿಗೆ ಹೊಟ್ಟೆ ತುಂಬ ಊಟವೇ ಮೊದಲ ಮದ್ದು. ಬೆಳಗ್ಗೆ ಕುಚ್ಚಲಕ್ಕಿ ಗಂಜಿಗೆ ಒಂದು ಚಮಚ ತುಪ್ಪ, ಮಧ್ಯಾಹ್ನ ನುಗ್ಗೆಸೊಪ್ಪು ಅಥವಾ ಹರಿವೆ, ಉದ್ದಿನ ದೋಸೆ, ದಿನಕ್ಕೊಂದು ಸಣ್ಣ ಎಳ್ಳುಂಡೆ. ಅಘನಾಶಿನಿ ಅಳಿವೆಯ ಬೆಳಚು (ಚಿಪ್ಪುಜೀವಿ) ಕಬ್ಬಿಣಾಂಶಕ್ಕೆ ಒಳ್ಳೆಯದು. ತಿನ್ನದವರು ಸೊಪ್ಪಿನ ಜೊತೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆ ಚಹಾ ಕುಡಿದರೆ ಆ ಲಾಭ ಹೋಯಿತು, ಒಂದು ಗಂಟೆಯಾದರೂ ಅಂತರ ಇರಲಿ.

ಮುಟ್ಟಿನ ದಿನಗಳಲ್ಲಿ ಉಪವಾಸ, ಬರೀ ಅನ್ನ-ಮಜ್ಜಿಗೆ ಎಂದು ಕೂರಿಸುವ ಮನೆಗಳು ಇನ್ನೂ ಇವೆ. ಆಯಿ, ಅತ್ತೆಯಂದಿರಿಗೆ ನನ್ನ ವಿನಂತಿ: ಆ ದಿನಗಳಲ್ಲೂ ಬಿಸಿ ಊಟ, ಸಾರು, ತುಪ್ಪ ಸಿಗಲಿ.

## ಹಂತ 8: ಈಗ ಕಷಾಯ

ಇದು ಹೊತ್ತು ನೋಡಿ ಮಾಡಬೇಕಾದ ಕೆಲಸ. ಮುಟ್ಟು ನಿರೀಕ್ಷಿಸುವ ದಿನಕ್ಕೆ 7 ದಿನ ಮೊದಲು ಶುರು, ಸ್ರಾವ ಕಂಡ ದಿನ ನಿಲ್ಲಿಸುವುದು. ತಿಂಗಳಿಡೀ ಕುಡಿಯುವುದು ತಪ್ಪು. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಎಳ್ಳು ಕಷಾಯವನ್ನು ಮುಟ್ಟೇಬಾರದು, ಏಕೆಂದರೆ ಆ 7 ದಿನಗಳಲ್ಲೇ ಗರ್ಭ ಕಚ್ಚುತ್ತಿರಬಹುದು. ಅವರಿಗೆ ಊಟ ಮತ್ತು ವೈದ್ಯರು ಬರೆದದ್ದು ಸಾಕು.

ತಡೆಯಾದವರಿಗೆ ಎಳ್ಳು ಕಷಾಯ. ಕರಿ ಎಳ್ಳು 10 ಗ್ರಾಂ, ಅಂದರೆ ಒಂದು ದೊಡ್ಡ ಚಮಚ. ತರಿಯಾಗಿ ಕುಟ್ಟಿ 160 ಮಿಲಿ ನೀರಿಗೆ ಹಾಕಿ, ಮುಚ್ಚಳ ಇಡದೆ ಸಣ್ಣ ಉರಿಯಲ್ಲಿ 40 ಮಿಲಿಗೆ ಇಳಿಸಿ, ಸೋಸಿ. ಶುಂಠಿ, ಕಾಳುಮೆಣಸು, ಹಿಪ್ಪಲಿ ಸಮನಾಗಿ ಬೆರೆಸಿದ ಪುಡಿ ಎರಡು ಚಿಟಿಕೆ, ಬೆಲ್ಲ ಒಂದು ಸಣ್ಣ ಚಮಚ. ಬೆಳಗ್ಗೆ ತಿಂಡಿಗೆ ಮೊದಲು ಬಿಸಿಯಿರುವಾಗ ಕುಡಿಯಿರಿ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಿ. ಜೋರು ಉರಿಯಲ್ಲಿ ಐದು ನಿಮಿಷಕ್ಕೆ ಇಳಿಸಿದರೆ ಎಳ್ಳಿನ ಸಾರ ಬಿಡುವುದಿಲ್ಲ. ನಿನ್ನೆಯ ಕಷಾಯವನ್ನು ಇಂದು ಕಾಯಿಸಿ ಕುಡಿಯಬೇಡಿ.

ಬರಿದಾದವರಿಗೆ ಶತಾವರಿ ಹಾಲು. ಶತಾವರಿ ಪುಡಿ ಒಂದು ಸಣ್ಣ ಚಮಚ, ಹಾಲು ಅರ್ಧ ಲೋಟ, ನೀರು ಎರಡು ಲೋಟ. ನೀರಿನಂಶ ಹೋಗಿ ಹಾಲಷ್ಟೇ ಉಳಿಯುವ ತನಕ ಸಣ್ಣ ಉರಿ. ಇದನ್ನು ತಿಂಗಳಿಡೀ ರಾತ್ರಿ ಕುಡಿಯಬಹುದು, ಮೇಲಿನ 7 ದಿನದ ನಿಯಮ ಇದಕ್ಕಿಲ್ಲ. ನಮ್ಮ ಕಾಡಿನಲ್ಲಿ ಹಲವು ಮಕ್ಕಳ ತಾಯಿ, ಅಂದರೆ ಶತಾವರಿ, ಬೇರು ಸಿಗುತ್ತದೆ ಎಂದು ಗುರುತು ಗೊತ್ತಿಲ್ಲದವರು ಕಿತ್ತು ತರುವುದು ಬೇಡ. ಬೇರು ಕಿತ್ತರೆ ಬಳ್ಳಿಯೂ ಹೋಯಿತು, ತಪ್ಪು ಬೇರು ತಂದರೆ ಆರೋಗ್ಯವೂ ಹೋಯಿತು. ಎದೆ ಅಥವಾ ಗರ್ಭಕೋಶದ ಗಂಟಿಗೆ ಚಿಕಿತ್ಸೆ ಪಡೆಯುತ್ತಿರುವವರು ಕೇಳದೆ ಕುಡಿಯಬಾರದು.

ಸಬ್ಬಸಿಗೆ ಬೀಜ. ಆರ್ತವದ ತೊಂದರೆಗೆ ಕಾಶ್ಯಪ ಸಂಹಿತೆ ಶತಾವರಿಯ ಜೊತೆಗೇ ಎತ್ತಿಹಿಡಿಯುವ ಶತಪುಷ್ಪ ಇದೇ. ಬೆಚ್ಚಗೆ ಹುರಿದು ಪುಡಿ ಮಾಡಿ, ಅರ್ಧ ಸಣ್ಣ ಚಮಚ. ಬರಿದಾದವರು ತುಪ್ಪದಲ್ಲಿ, ತಡೆಯಾದವರು ಬಿಸಿನೀರಿನಲ್ಲಿ, ಅದೇ 7 ದಿನ. ಇದನ್ನೂ ಮಗುವಿನ ನಿರೀಕ್ಷೆಯಲ್ಲಿರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಸೋಂಪು ಬೇರೆ, ಇದು ಬೇರೆ. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ ತನ್ನಿ.

ಬಾಯಿಹುಣ್ಣು, ಎದೆಯುರಿ, ಮೂತ್ರ ಉರಿ, ಮೈ ತುರಿಕೆ ಬಂದರೆ ಆ ದಿನವೇ ನಿಲ್ಲಿಸಿ. ಹುಣ್ಣಿನ ಹೊಟ್ಟೆಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಎಳ್ಳು ಕಷಾಯಕ್ಕೆ ಕೈಹಾಕಬೇಡಿ.

## ಹಂತ 9: ಎಣ್ಣೆ ಮತ್ತು ನಿದ್ದೆ

ವಾರಕ್ಕೆ ಎರಡು ಸಲ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಸೊಂಟ, ಕಿಬ್ಬೊಟ್ಟೆ, ತೊಡೆಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಬಚ್ಚಲ ಹಂಡೆಯ ಬಿಸಿನೀರಲ್ಲಿ ಸ್ನಾನ. ಹೊಟ್ಟೆಯನ್ನು ಒತ್ತಿ ತಿಕ್ಕಬಾರದು. ಮುಟ್ಟಿನ ದಿನಗಳಲ್ಲಿ, ಜ್ವರ, ಅಜೀರ್ಣ ಇರುವಾಗ ಎಣ್ಣೆ ಬೇಡ. ರಾತ್ರಿ 7 ಗಂಟೆಯಾದರೂ ನಿದ್ದೆ ಬೇಕು. ಸುಗ್ಗಿಯ ತಿಂಗಳುಗಳಲ್ಲಿ ಅದನ್ನು ಹೊಂದಿಸಿಕೊಡುವುದು ಮನೆಯವರೆಲ್ಲರ ಕೆಲಸ.

## ಹಂತ 10: ಅಂಗಡಿಯ ಔಷಧ, ಕೇಳಿ ತನ್ನಿ

ಅಶೋಕಾರಿಷ್ಟ ಹೆಂಗಸರ ಎಲ್ಲ ತೊಂದರೆಗೂ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಮುಖ್ಯವಾಗಿ ಹೆಚ್ಚು ಸ್ರಾವವಾಗುವವರಿಗೆ, ಹರಿವನ್ನು ಹಿಡಿದಿಡಲು. ಲೋಧ್ರ, ಪುಷ್ಯಾನುಗ ಚೂರ್ಣವೂ ಹಾಗೆಯೇ. ಕಡಿಮೆ ಹೋಗುವವರು ಇವನ್ನು ತಾವಾಗಿ ಕುಡಿದರೆ ಉದ್ದೇಶಕ್ಕೆ ವಿರುದ್ಧ.

ರಜಃಪ್ರವರ್ತಿನಿ ವಟಿಯಲ್ಲಿ ಶುದ್ಧ ಮಾಡಿದ ಕಾಸೀಸ (ಕಬ್ಬಿಣದ ಲವಣ), ಬಿಳಿಗಾರ, ಇಂಗು, ಲೋಳೆಸರದ ಒಣಗಿಸಿದ ಸಾರ ಇರುತ್ತವೆ. ಬಲವಾದ ಔಷಧ. ಗರ್ಭದ ಸಂಶಯವಿದ್ದರೆ, ಮೂಲವ್ಯಾಧಿ ಅಥವಾ ಕರುಳಿನ ತೊಂದರೆ ಇದ್ದರೆ ಅಪಾಯ. ಗೆಳತಿಗೆ ಬರೆದುಕೊಟ್ಟ ಚೀಟಿ ತೋರಿಸಿ ತರಬೇಡಿ. ಕುಮಾರ್ಯಾಸವ, ಲೋಹಾಸವದಂಥ ಆಸವಗಳಲ್ಲಿ ಹುದುಗುವಾಗ ತಾನಾಗಿ ಹುಟ್ಟುವ ಮದ್ಯಸಾರ ಇರುತ್ತದೆ, ಬೆಲ್ಲವೂ ಇರುತ್ತದೆ. ಯಕೃತ್ತಿನ ತೊಂದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಬಾಟಲಿಯ ಮೇಲೆ ತಯಾರಿಕಾ ಪರವಾನಗಿ, ಬ್ಯಾಚ್, ಅವಧಿ ಇಲ್ಲದ, ಪೊಟ್ಟಣದಲ್ಲಿ ಕಟ್ಟಿಕೊಟ್ಟ ಪುಡಿ, ಗುಳಿಗೆ ಯಾರು ಕೊಟ್ಟರೂ ಬೇಡ. ಅದರಲ್ಲಿ ಸೀಸವೋ ಪಾದರಸವೋ ಇದ್ದರೆ ತಿಳಿಯುವ ದಾರಿಯಿಲ್ಲ.

ಬಸ್ತಿ (ಗುದದ ಮೂಲಕ ಔಷಧ ಏರಿಸುವುದು) ಮತ್ತು ಉಳಿದ ಶೋಧನ ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು. ಸಿದ್ದಾಪುರದ ಧನ್ವಂತರಿ ಆಯುರ್ವೇದ ಕಾಲೇಜಿನಂಥ ಕಡೆ ವಿಚಾರಿಸಿ.

## ಹಂತ 11: ಮೂರು ಮುಟ್ಟು ಕಳೆದ ಮೇಲೆ

ಮತ್ತೆ ಕ್ಯಾಲೆಂಡರ್ ತೆಗೆಯಿರಿ. ಬದಲಾವಣೆಯನ್ನು ಒಂದೇ ತಿಂಗಳಲ್ಲಿ ನಿರೀಕ್ಷಿಸಿ ಮದ್ದು ಬದಲಿಸುತ್ತ ಹೋಗುವವರಿಗೆ ಯಾವುದು ಕೆಲಸ ಮಾಡಿತು ಎಂದು ಎಂದಿಗೂ ತಿಳಿಯುವುದಿಲ್ಲ. ಒಂದು ದಿನ ಹೆಚ್ಚು ಹೋಗಿದ್ದರೆ, ಅಂತರ ಸರಿಯಾಗುತ್ತಿದ್ದರೆ, ಸುಸ್ತು ಇಳಿದಿದ್ದರೆ ಊಟ, ನಿದ್ದೆ ಹಾಗೇ ಮುಂದುವರಿಸಿ, ಕಷಾಯ ನಿಲ್ಲಿಸಿ ಇನ್ನೆರಡು ಮುಟ್ಟು ನೋಡಿ.

ಮೂರು ಮುಟ್ಟಿನಲ್ಲೂ ಏನೂ ಬದಲಾಗದಿದ್ದರೆ ಮನೆಮದ್ದನ್ನು ಎಳೆಯಬೇಡಿ. 3 ತಿಂಗಳು ಮುಟ್ಟೇ ಬಾರದಿದ್ದರೆ, 40ಕ್ಕೆ ಮೊದಲೇ ಮೈ ಬಿಸಿಯೇರಿ ಬೆವರುವುದು ಶುರುವಾದರೆ, ಪ್ರತಿ ತಿಂಗಳೂ ಜೋರು ಹೊಟ್ಟೆನೋವಿದ್ದು ಸ್ರಾವ ಮಾತ್ರ ತೀರಾ ಕಡಿಮೆ ಇದ್ದರೆ, ದುರ್ವಾಸನೆಯ ಬಿಳಿಸೆರಗು ಹೋಗುತ್ತಿದ್ದರೆ ಮೂರು ಮುಟ್ಟು ಕಾಯುವ ಮಾತೇ ಇಲ್ಲ. ವೈದ್ಯರ ಬಳಿ ಹೋಗುವಾಗ ಆ ಕ್ಯಾಲೆಂಡರ್ ಹಾಳೆಗಳು, ಪರೀಕ್ಷೆಯ ಚೀಟಿಗಳು, ಕುಡಿದ ಎಲ್ಲ ಕಷಾಯ-ಅರಿಷ್ಟಗಳ ಹೆಸರು ಬರೆದ ಕಾಗದ, ಹಿಂದೆ ಗರ್ಭಪಾತವೋ ಕೆರೆಸಿದ್ದೋ ಇದ್ದರೆ ಅದರ ತಾರೀಕು ಇಷ್ಟನ್ನೂ ಒಯ್ಯಿರಿ. ಜೊತೆಗೆ ಬಂದ ಅತ್ತೆಯ ಎದುರು ಹೇಳಲಾಗದ್ದಿದ್ದರೆ ಒಬ್ಬರೇ ಮಾತಾಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.